ಕೇಳ್ರಿ, ಹೇಳ್ತೀನಿ: ಎಐ ಬಂದಮ್ಯಾಲ ಕಾಲೇಜಿನ ಓದು

ಈ ಸಲ ಬಂದ ಪತ್ರದೊಳಗ ಅರ್ಧಕ್ಕಿಂತ ಜಾಸ್ತಿ ಎಐ ಬಗ್ಗೇನ ಅದಾವು. ವಿಜಯಪುರ, ಬಾಗಲಕೋಟಿ, ಬೆಳಗಾವಿ ಮೂರೂ ಜಿಲ್ಲಾದಿಂದ ಹುಡುಗ್ರು, ಹುಡುಗ್ರ ಅಪ್ಪಂದಿರು, ಪಾಠಾ ಹೇಳೋರು ಎಲ್ಲಾರೂ ಬರದೀರಿ. ಹಂಗಾಗಿ ಉಳಿದ ವಿಷಯ ಮುಂದಿನ ಸಂಚಿಕೆಗೆ ಇಟ್ಟೀನಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ ರೀ. ನಾನು ವಿಜಯಪುರದಾಗ ಬಿಎಸ್ಸಿ ಎರಡನೇ ವರ್ಷ ಓದಾಕತ್ತೀನಿ, ಪಿಯುಸಿ ತನಕ ಕನ್ನಡ ಮೀಡಿಯಂ. ಅಸೈನ್‌ಮೆಂಟ್ ನಾನ ಕುಂತು, ಡಿಕ್ಷನರಿ ನೋಡ್ಕೋತ ಬರದೆ. ನಮ್ಮ ಸರ್ ಅದನ್ನ ಯಾವುದೋ ಸಾಫ್ಟ್‌ವೇರ್‌ಗೆ ಹಾಕಿ, 80 ಪರ್ಸೆಂಟ್ ಎಐ ಬರದದ್ದು ಅಂತ ತೋರಸ್ತು ಅಂತೇಳಿ ಮಾರ್ಕ್ಸ್ ಕೊಡಲಿಲ್ಲ, ಎಲ್ಲಾರ ಮುಂದ ಬೈದ್ರು. ಈಗ ಏನ ಮಾಡ್ಲಿ ರೀ?

ಉತ್ತರ: ತಂಗಿ, ನಿನ್ನ ಪತ್ರ ಓದಿ ನನಗ ಬಾಳ ಸಂಕಟ ಆತು. ಆ ಸಾಫ್ಟ್‌ವೇರ್ ಹೇಳೂದು ಪುರಾವೆ ಅಲ್ಲವಾ, ಬರೇ ಅಂದಾಜು, ಅದೂ ನಿನ್ನಂಥಾ ಹುಡುಗ್ಯಾರ ವಿಷಯದಾಗ ಬಾಳ ತಪ್ಪೋ ಅಂದಾಜು.

ಅದು ಹೆಂಗ ಕೆಲಸ ಮಾಡ್ತೈತಿ ಅಂದ್ರ, ಎಐ ಬರಿಯೂದ ಮುಂದಿನ ಶಬ್ದ ಯಾವುದು ಬರಬಹುದು ಅಂತ ಲೆಕ್ಕಾ ಹಾಕಿ, ಅದಕ್ಕ ಅದರ ಬರವಣಿಗಿಯೊಳಗ ಊಹಿಸಾಕ ಬರೋ ಶಬ್ದನ ಜಾಸ್ತಿ ಇರ್ತಾವು, ಈ ಹಿಡಿಯೋ ಸಾಫ್ಟ್‌ವೇರ್ ಅದನ್ನ ನೋಡ್ತಾವು, ಇಲ್ಲಿ ಎಲ್ಲಾ ಶಬ್ದ ಸರಳ, ವಾಕ್ಯ ಒಂದ ನಮೂನಿ, ಹಂಗಾದ್ರ ಇದು ಮಷಿನ್ ಬರದದ್ದು ಅಂತ ತೀರ್ಮಾನಕ್ಕ ಬರ್ತಾವು. ಆದ್ರ ಕನ್ನಡ ಮೀಡಿಯಂದಾಗ ಓದಿ ಬಂದ ಹುಡುಗಿ ಇಂಗ್ಲಿಷ್ ಬರದ್ರ ಹಂಗ ಬರೀತಾಳ! ತಪ್ಪಾದೀತು ಅಂತ ಹೆದರಿ ಗೊತ್ತಿದ್ದ ಶಬ್ದನ ಹಾಕ್ತಾಳ, ಸಣ್ಣ ಸಣ್ಣ ವಾಕ್ಯ ಮಾಡ್ತಾಳ.

ಇದು ನನ್ನ ಊಹೆ ಅಲ್ಲ. 2023ರಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್ ಯುನಿವರ್ಸಿಟಿಯ ಜೇಮ್ಸ್ ಝೌ ಅವರ ತಂಡ ಇಂಥಾ 7 ಸಾಫ್ಟ್‌ವೇರ್ ತಗೊಂಡು ಪರೀಕ್ಷೆ ಮಾಡ್ತು. ಇಂಗ್ಲಿಷ್ ಮನಿಮಾತು ಅಲ್ಲದವರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಬರದ 91 ಪ್ರಬಂಧ ಹಾಕಿ ನೋಡಿದ್ರು, ಸರಾಸರಿ 61 ಪರ್ಸೆಂಟ್ ಪ್ರಬಂಧ ಎಐ ಬರದದ್ದು ಅಂತ ತಪ್ಪಾಗಿ ಹೇಳಿದ್ವು. ಅಲ್ಲಿನ ಎಂಟನೇತ್ತಾ ಹುಡುಗ್ರ ಪ್ರಬಂಧ ಹಾಕಿದ್ರ ಹೆಚ್ಚುಕಮ್ಮಿ ಎಲ್ಲಾ ಸರಿಯಾಗಿ ಹೇಳಿದ್ವು. ಇನ್ನೊಂದು ನೋಡು, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿನ 2023ರ ಜನವರಿಯೊಳಗ ಇಂಥಾದ್ದೊಂದು ಬಿಟ್ಟಿತ್ತು, ಅದು ಎಐ ಬರದದ್ದನ್ನ ಹಿಡದದ್ದು ಬರೇ 26 ಪರ್ಸೆಂಟ್, ಮನುಷ್ಯಾರು ಬರದದ್ದರಾಗ 9 ಪರ್ಸೆಂಟ್ ತಪ್ಪಾಗಿ ಎಐ ಅಂತ ಹೇಳ್ತಿತ್ತು, ನಿಖರತೆ ಕಮ್ಮಿ ಅಂತೇಳಿ ಅದ ವರ್ಷ ಜುಲೈಕ ಅವರ ಅದನ್ನ ಬಂದ್ ಮಾಡಿದ್ರು. ಅಮೆರಿಕಾದ ವ್ಯಾಂಡರ್‌ಬಿಲ್ಟ್ ಯುನಿವರ್ಸಿಟಿ ಸೈತ ಟರ್ನಿಟಿನ್ ಅನ್ನೋ ನಕಲು ಹಿಡಿಯೋ ಸಾಫ್ಟ್‌ವೇರ್‌ದಾಗಿನ ಎಐ ಹಿಡಿಯೋ ಸೌಲಭ್ಯ 2023ರ ಆಗಸ್ಟ್‌ದಾಗ ಆಫ್ ಮಾಡ್ತು.

ಈಗ ನೀ ಮಾಡೂದು ಇಷ್ಟು. ಬರದ ರಫ್ ಹಾಳಿ, ಡಿಕ್ಷನರಿ ನೋಡಿ ಮಾಡ್ಕೊಂಡ ನೋಟ್ಸು ಇದ್ರ ಎತ್ತಿಡು. ಗೂಗಲ್ ಡಾಕ್ಸ್‌ದಾಗ ಟೈಪ್ ಮಾಡಿದ್ದ್ರ ಅದರಾಗ ವರ್ಷನ್ ಹಿಸ್ಟರಿ ಅಂತ ಇರ್ತೈತಿ, ನೀ ಯಾವಾಗ ಏನ ಬರದೆ, ಏನ ಅಳಸಿದೆ ಎಲ್ಲಾ ತೋರಸ್ತೈತಿ. ಇವನ್ನ ತಗೊಂಡು ಸರ್ ಹತ್ರ ಕ್ಲಾಸ್ ಮುಗದಮ್ಯಾಲ ಒಬ್ಬಾಕಿನ ಹೋಗು, "ಸರ್, ಇದರ ಬಗ್ಗೆ ನನ್ನ ಏನರೆ ಕೇಳ್ರಿ, ಕನ್ನಡದಾಗ ಕೇಳ್ರಿ ಇಂಗ್ಲಿಷ್‌ದಾಗ ಕೇಳ್ರಿ, ಹೇಳ್ತೀನಿ" ಅನ್ನು. ಬರದಾಕಿ ನೀನ ಇದ್ದಿ, ನಿನಗ ಉತ್ತರ ಬರ್ತೈತಿ. ಅವರು ಕೇಳಾಕ ಒಪ್ಪಲಿಲ್ಲಂದ್ರ ಎಚ್‌ಓಡಿಗೆ ಲಿಖಿತ ಅರ್ಜಿ ಕೊಡು, ಮೌಖಿಕ ಪರೀಕ್ಷೆ ಮಾಡ್ರಿ ಅಂತ ಬರಿ. ಧೈರ್ಯದಲೇ ಹೋಗವಾ.

ಪ್ರಶ್ನೆ: ನಮ್ಮದು ಗುಳೇದಗುಡ್ಡ, ನೇಕಾರಕಿ ಮನಿತನ. ಮಗಾ ಬಿಸಿಎ ಮಾಡಾಕತ್ತಾನ. ರಾತ್ರಿ ಒಂದರ ತನಕ ಮೊಬೈಲ್ ಹಿಡ್ಕೊಂಡು ಕುಂದರ್ತಾನ, ಕೇಳಿದ್ರ ಚಾಟ್‌ಜಿಪಿಟಿ ಮ್ಯಾಲ ಓದಾಕತ್ತೀನಿ ಅಂತಾನ. ನಾ ಏಳನೇತ್ತ ಕಲ್ತಾಂವ. ಅಂವ ಖರೇನ ಕಲಿಯಾಕತ್ತಾನೋ ಇಲ್ಲೋ ನನಗ ತಿಳಿಯೂದು ಹೆಂಗ?

ಉತ್ತರ: ಅಣ್ಣಾರ, ನಿಮಗ ಕಂಪ್ಯೂಟರ್ ಬರಬೇಕಂತೇನಿಲ್ಲ, ಮಗನ್ನ ಕರದು "ಮೊಬೈಲ್ ಅಲ್ಲೆ ಇಡಪಾ, ಇವತ್ತ ಓದಿದ್ದು ನನಗ ತಿಳಿಯೂ ಹಂಗ ಹೇಳು" ಅನ್ರಿ. ನಿಮಗ ಪೂರ್ತಿ ತಿಳಿಯೂದು ಬ್ಯಾಡ, ಅಂವ ತಡವರಸ್ದ ಹೇಳ್ತಾನೋ, ನಡುವ ಮೊಬೈಲ್ ಕಡೆ ಕೈ ಹೋಗ್ತೈತೋ ಅಷ್ಟ ನೋಡ್ರಿ, ಗೊತ್ತಾಗ್ತೈತಿ.

ನಿಮ್ಮ ಅನುಮಾನಕ್ಕ ಆಧಾರ ಐತಿ ರೀ. ಅಮೆರಿಕಾದ ಪೆನ್ಸಿಲ್ವೇನಿಯಾ ಯುನಿವರ್ಸಿಟಿಯವರು ಟರ್ಕಿ ದೇಶದ ಹೈಸ್ಕೂಲಿನ ಸುಮಾರು 1000 ಹುಡುಗ್ರ ಮ್ಯಾಲ ಗಣಿತದ ಪ್ರಯೋಗ ಮಾಡಿದ್ರು. ಕೆಲವರಿಗೆ ಸಾದಾ ಚಾಟ್‌ಜಿಪಿಟಿ ನಮೂನಿದು ಕೊಟ್ರು, ಕೆಲವರಿಗೆ ನೇರ ಉತ್ತರ ಹೇಳದ ಬರೇ ಸುಳುವು ಕೊಡೂವಂಥಾದ್ದು ಕೊಟ್ರು, ಉಳಿದವ್ರಿಗೆ ಏನೂ ಇಲ್ಲ, ಬರೇ ಪುಸ್ತಕ. ಲೆಕ್ಕಾ ಬಿಡಿಸೂ ಹೊತ್ತಿನಾಗ ಸಾದಾದ್ದು ಇದ್ದವರು ಪುಸ್ತಕದವರಕಿಂತ 48 ಪರ್ಸೆಂಟ್ ಚಲೋ ಮಾಡಿದ್ರು. ಆಮ್ಯಾಲ ಅದನ್ನ ಕಸಗೊಂಡು ಪರೀಕ್ಷೆಗೆ ಕುಂದರ್ಸಿದ್ರು, ಆವಾಗ ಅದ ಹುಡುಗ್ರು ಪುಸ್ತಕದವರಕಿಂತ 17 ಪರ್ಸೆಂಟ್ ಕೆಳಗ ಬಂದ್ರು. ಸುಳುವು ಕೊಡೂ ಮಷಿನ್ ಇದ್ದವ್ರಿಗೆ ಆ ಹಾನಿ ಹೆಚ್ಚುಕಮ್ಮಿ ಆಗಲೇ ಇಲ್ಲ. ಗರಡಿಮನ್ಯಾಗ ಉಸ್ತಾದ ಬೈಠಕ್ ಹೊಡದ್ರ ಹುಡುಗನ ತೊಡಿ ಗಟ್ಟಿ ಆಗೂದಿಲ್ಲಲ್ಲ, ಹಂಗ ಇದು.

ಅದಕ್ಕ ಮಗನ ಕಡಿಂದ ಮೊಬೈಲ್ ಕಸಗೋಬ್ಯಾಡ್ರಿ. ಇದಷ್ಟು ಅವಂಗ ಓದಾಕ ಹೇಳ್ರಿ: ತಮ್ಮಾ, ಮೊದಲ ನೀನ ಹಾಳಿ ಮ್ಯಾಲ ಪ್ರೋಗ್ರಾಂ ಬರಿ, ಆಮ್ಯಾಲ ಅದಕ್ಕ ಹಿಂಗ ಟೈಪ್ ಮಾಡು, "ನಾನು ಬಿಸಿಎ ಓದುವ ಹುಡುಗ. ರಿಕರ್ಷನ್ ಬಗ್ಗೆ ನನಗೆ ಉತ್ತರ ಹೇಳಬೇಡ, ಒಂದೊಂದೇ ಪ್ರಶ್ನೆ ಕೇಳು, ನಾನು ತಪ್ಪಿದರೆ ಎಲ್ಲಿ ತಪ್ಪಿದೆ ಅಂತ ಸುಳುಹು ಮಾತ್ರ ಕೊಡು." (ರಿಕರ್ಷನ್ ಅಂದ್ರ ಪ್ರೋಗ್ರಾಂದ ಒಂದು ಭಾಗ ತನ್ನನ್ನ ತಾನ ಮತ್ತ ಕರಿಯೂದು.) ಹಾರ್ವರ್ಡ್ ಯುನಿವರ್ಸಿಟಿಯ ಸಿಎಸ್50 ಅನ್ನೋ ಕಂಪ್ಯೂಟರ್ ಕೋರ್ಸ್‌ದಾಗ ಡೇವಿಡ್ ಮಾಲನ್ ಅವರು 2023ರಿಂದ ಇಂಥಾದ್ದೊಂದು ಇಟ್ಟಾರ, ಡಕ್ ಅಂತ ಅದರ ಹೆಸರು, ಅದು ಕೋಡ್ ಬರದು ಕೊಡೂದಿಲ್ಲ, ದಾರಿ ತೋರಸ್ತೈತಿ. ನೀ ಫ್ರೀ ಮೊಬೈಲ್ ಆ್ಯಪ್‌ದಾಗ ಅದನ್ನ ಮಾಡ್ಕೋಬಹುದು, ಹಿಂಗ ಕೇಳಬೇಕು ಅಂತ ಮನಸ್ಸ ಮಾಡಬೇಕಷ್ಟ. ಮತ್ತ ರಾತ್ರಿ ಒಂದರ ತನಕ ಕುಂದರಬ್ಯಾಡ, ನಿದ್ದಿ ಮಾಡು.

ಪ್ರಶ್ನೆ: ನಾನು ಬೆಳಗಾವಿ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಕ್ಲಾಸಿನಲ್ಲಿ 60 ಹುಡುಗರು, 60 ಅಸೈನ್‌ಮೆಂಟೂ ಒಂದೇ ಥರ ಬರ್ತಿವೆ, ಓದೋಕೆ ಬೇಜಾರು. ಎಐ ಪೂರ್ತಿ ನಿಷೇಧ ಮಾಡಿಬಿಡೋದೇ ವಾಸಿ ಅಲ್ವಾ ಮೇಡಂ?

ಉತ್ತರ: ಇಲ್ಲ ಸರ್, ನಿಷೇಧ ಮಾಡಿದ್ರ ಯಾರು ಕಾಯೋರು? 2022ರ ನವೆಂಬರ್ 30ಕ್ಕ ಚಾಟ್‌ಜಿಪಿಟಿ ಬಂತು, ಅವತ್ತಿಂದ ಮನಿಯಿಂದ ಬರಕೊಂಡು ಬಾ ಅನ್ನೋ ಅಸೈನ್‌ಮೆಂಟಿಗೆ ಮೊದಲಿನ ಬೆಲೆ ಉಳಿದಿಲ್ಲ, ಇದನ್ನ ನಾವು ಒಪ್ಪಿಕೊಳ್ಳಬೇಕು. ಬದಲಾಗಬೇಕಾದ್ದು ನಾವು ಕೇಳೋ ಪ್ರಶ್ನೆ. "ಬಾದಾಮಿ ಚಾಲುಕ್ಯರ ಸಾಧನೆಗಳನ್ನು ವಿವರಿಸಿ" ಅಂತ ಕೊಟ್ರ ಮಷಿನ್ ಬರೀತೈತಿ, ಹುಡುಗ್ರು ಇಳಿಸ್ತಾರ, ಅದರಾಗ ಅವರದೇನೂ ಇರೂದಿಲ್ಲ.

ಹಿಂಗ ಮಾಡಿ ನೋಡ್ರಿ. ಎಐ ಉತ್ತರ ಅವರ ಕಡಿಂದನ ತಗಸ್ರಿ, ಪ್ರಿಂಟ್ ಹಾಕಸ್ರಿ. ಆಮ್ಯಾಲ ಐಹೊಳೆಗೆ ಒಂದು ಪ್ರವಾಸ ಹಾಕ್ರಿ, ಮೇಗುತಿ ಗುಡಿ ಗ್ವಾಡಿ ಮ್ಯಾಲ ರವಿಕೀರ್ತಿ ಬರದ 634ರ ಶಾಸನ ಐತಿ, ಇಮ್ಮಡಿ ಪುಲಿಕೇಶಿ ಹರ್ಷನ್ನ ಸೋಲಿಸಿದ್ದು ಅದರಾಗನ ಬರ್ತೈತಿ. ಶಾಸನದ ಕನ್ನಡ ಅನುವಾದ ಒಂದು ಕೈಯಾಗ, ಎಐ ಉತ್ತರ ಇನ್ನೊಂದು ಕೈಯಾಗ, ಅಲ್ಲೆ ಗುಡಿ ನೆಳ್ಳಾಗ ಕುಂದರ್ಸಿ, ಎಐ ಹೇಳಿದ್ದರಾಗ ಶಾಸನದಾಗ ಇರೂದು ಯಾವುದು, ಇಲ್ಲದ್ದು ಯಾವುದು ಅಂತ ಪೆನ್ನಿನಿಂದ ಗೆರಿ ಹಾಕಸ್ರಿ. ಬರೇ ಹೊಗಳಿಕೆ ಯಾವುದು, ನಡದದ್ದು ಯಾವುದು ಅಂತನೂ ಅವಾಗ ಚರ್ಚೆ ಬರ್ತೈತಿ, ಯಾಕಂದ್ರ ರವಿಕೀರ್ತಿ ಆಸ್ಥಾನದ ಕವಿ. ಅಂಥಾ ಒಂದು ದಿನದಾಗ ಹುಡುಗ್ರು ಕಲಿಯೂದು ನಾಕು ಅಸೈನ್‌ಮೆಂಟಿನಾಗ ಕಲಿಯಾಂಗಿಲ್ಲ.

ಇನ್ನ ಮೌಖಿಕ ಪರೀಕ್ಷೆ. ಒಬ್ಬರಿಗೆ ಐದ ನಿಮಿಷ ಅಂದ್ರ 60 ಹುಡುಗ್ರಿಗೆ ಐದ ತಾಸು ಆತು, ಎಲ್ಲಿಂದ ತರೋದು ಅಂತೀರಿ, ಖರೇ ಐತಿ. ವಾರಕ್ಕ ಹತ್ತು ಮಂದಿ ಚೀಟಿ ಎತ್ರಿ, ಆರು ವಾರದಾಗ ಎಲ್ಲಾರದೂ ಮುಗೀತೈತಿ, ಯಾರ ಹೆಸರು ಯಾವಾಗ ಬರ್ತೈತೋ ಗೊತ್ತಿರದ ಕಾರಣ ಎಲ್ಲಾರೂ ಓದಕೊಂಡು ಬರ್ತಾರ. ಇಲ್ಲೆ ಪ್ರಿನ್ಸಿಪಾಲರಿಗೂ ಒಂದು ಮಾತು ಹೇಳಬೇಕು, ಅತಿಥಿ ಉಪನ್ಯಾಸಕರಿಗೆ ಮೊದಲ ಸಂಬಳ ಕಮ್ಮಿ, ಮುಂದಿನ ವರ್ಷ ಕೆಲಸ ಇರ್ತೈತೋ ಇಲ್ಲೋ ಗೊತ್ತಿರೂದಿಲ್ಲ, ಅವರ ಮ್ಯಾಲ ಈ ಹೊಸಾ ಭಾರ ಪುಕ್ಕಟೆ ಹಾಕಬ್ಯಾಡ್ರಿ, ಮೌಖಿಕ ಪರೀಕ್ಷೆಯ ತಾಸನ್ನ ವರ್ಕ್‌ಲೋಡ್‌ದಾಗ ಹಿಡೀರಿ.

ಪ್ರಶ್ನೆ: ಪಿಎಚ್‌ಡಿ ಪ್ರಬಂಧದ ಇಂಗ್ಲಿಷ್ ತಿದ್ದೋಕೆ ಎಐ ಬಳಸಬಹುದಾ? ನಕಲು ಪರೀಕ್ಷೆಯಲ್ಲಿ ಹೋಲಿಕೆ 10 ಪರ್ಸೆಂಟ್ ಒಳಗೆ ಬಂದರೆ ಸಾಕಲ್ಲ? (ಜಮಖಂಡಿ)

ಉತ್ತರ: ಎರಡೂ ಬ್ಯಾರೆ ಬ್ಯಾರೆ ರೀ. ಯುಜಿಸಿ 2018ರ ನಿಯಮದಾಗ 10 ಪರ್ಸೆಂಟ್ ಅಂತ ಇರೋದು ಬ್ಯಾರೆಯವರ ಬರವಣಿಗಿ ಜೋಡಿ ಹೋಲಿಕೆಗೆ, ಎಐ ಬರದ ಹೊಸಾ ವಾಕ್ಯ ಅದರಾಗ ಸಿಗದನೂ ಇರಬಹುದು, ಹಂಗಂತ ಅದು ನಿಮ್ಮದಾಗೂದಿಲ್ಲ. ವ್ಯಾಕರಣ ತಿದ್ದಸ್ಕೊಳ್ರಿ, ಗೈಡ್‌ಗೆ ಮೊದಲ ಹೇಳ್ರಿ, ಬಳಸಿದ್ದನ್ನ ಪ್ರಬಂಧದಾಗ ಬರೀರಿ. ಆದ್ರ ಆಧಾರ ಗ್ರಂಥದ ಪಟ್ಟಿ ಮಾತ್ರ ಅದರ ಕಡಿಂದ ಮಾಡಸಬ್ಯಾಡ್ರಿ. 2023ರಾಗ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಹೇಳಿದ ಹಳೇ ಕೇಸು ನಂಬಿ ಕೋರ್ಟಿಗೆ ಹಾಕಿದ್ರು, ಅಂಥಾ ಕೇಸ ಇರಲಿಲ್ಲ, 5000 ಡಾಲರ್ ದಂಡ ಬಿತ್ತು. ಪುಸ್ತಕ ಕೈಯಾಗ ಹಿಡದು ಪುಟ ತೆಗೆದು ನೋಡಿದ್ದನ್ನಷ್ಟ ಪಟ್ಟಿಗೆ ಹಾಕ್ರಿ.

ಪ್ರಶ್ನೆ: ಅಕ್ಕಾರ, ನನಗ ಇಂಗ್ಲಿಷ್ ಬರೂದಿಲ್ಲ. ಎಐಗೆ ಕನ್ನಡದಾಗ ಕೇಳಿ ಓದಬಹುದೇನ್ರಿ? (ಬಿಎ ಮೊದಲ ವರ್ಷ, ಸವದತ್ತಿ)

ಉತ್ತರ: ಕೇಳಬಹುದವಾ, ಯಾಕ ಕೇಳಬಾರದು. ಕ್ಲಾಸಿನಾಗ ಕೈ ಎತ್ತಾಕ ನಾಚೂ ಹುಡುಗಿ ಹತ್ತು ಸಲ ಅದ ಪ್ರಶ್ನೆ ಕೇಳಿದ್ರೂ ಅದು ಸಿಟ್ಟ ಆಗೂದಿಲ್ಲ, ಇದು ನಮ್ಮ ಕಡೆ ಹುಡುಗ್ಯಾರಿಗೆ ಸಣ್ಣ ಮಾತಲ್ಲ. ಆದ್ರ ಅದು ಕಲ್ತದ್ದು ಬಹುತೇಕ ಇಂಗ್ಲಿಷ್ ಬರವಣಿಗಿಯಿಂದ, ಕನ್ನಡದಾಗಿನ ಸಾಮಗ್ರಿ ಕಮ್ಮಿ ಸಿಕ್ಕೈತಿ, ಅದಕ್ಕ ವಚನ, ಊರಿನ ಇತಿಹಾಸ ಇಂಥಾವು ಕೇಳಿದಾಗ ಇಲ್ಲದ್ದನ್ನೂ ಇದ್ದಂಗ ಹೇಳ್ತೈತಿ. ಒಂದು ವಚನ ಕೊಟ್ರ, ಲೈಬ್ರರಿಯೊಳಗ ವಚನ ಸಂಪುಟ ತಗದು ಅದು ಐತೋ ಇಲ್ಲೋ ನೋಡಿನ ನೋಟ್ಸಿಗೆ ಬರ್ಕೋ. ಅರ್ಥಶಾಸ್ತ್ರದಂಥಾ ವಿಷಯ ಆದ್ರ ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾ ಹಾಕಿ ಕನ್ನಡದಾಗ ಬಿಡಿಸಿ ಹೇಳು ಅನ್ನು, ಅದು ಚಲೋ ಮಾಡ್ತೈತಿ. ಮೈಕ್ ಒತ್ತಿ ನಮ್ಮ ಕಡೆ ಮಾತಿನಾಗ ಕೇಳಿದ್ರ ಒಂದೊಂದ ಸಲ ತಪ್ಪ ತಿಳ್ಕೊತೈತಿ, ಆವಾಗ ಪುಸ್ತಕದ ಕನ್ನಡದಾಗ ಟೈಪ್ ಮಾಡಿ ಕೇಳು.