ನದಿ ದಂಡೆಯ ಹಳೇ ಉದ್ಯಾನದಲ್ಲಿ 5 ಕಿ.ಮೀ. ಚಾರಿಟಿ ರನ್ ಇದೆ. ನಿಲ್ಲದೆ ಓಡೋಕೆ ಮೂರು ವಾರದ ಅಭ್ಯಾಸ ಸಾಕಾ?

ಹೊಸದಾಗಿ ಓಡೋರಿಗೆ ಸಾಮಾನ್ಯವಾಗಿ ಸಾಕಾಗಲ್ಲ. ಆದರೆ ನಿಲ್ಲದೆ ಓಡಲೇಬೇಕು ಅಂತ ನಿಮಗೆ ಹೇಳಿದ್ದು ಯಾರು? ನನ್ನ ತಲೆಯಲ್ಲೂ ಇದೇ ಹುಳ ಹೊಕ್ಕಿತ್ತು.

ನಾನು ಓಡಿದ್ದೂ ಅಂಥದ್ದೇ ಜಾಗ. ಎಡಕ್ಕೆ ನದಿ, ಬಲಕ್ಕೆ ಮುತ್ತಾತನ ಕಾಲದ ಮರಗಳು. ಮಕ್ಕಳ ಆಸ್ಪತ್ರೆಗೆ ದುಡ್ಡು ಕೂಡಿಸುವ ಓಟ. ನೆಂಟರು, ಆಫೀಸಿನವರು ಸೇರಿ 23 ಜನರಿಂದ 'ಕಿಲೋಮೀಟರಿಗೆ ಇಷ್ಟು' ಅಂತ ಒಪ್ಪಿಸಿಕೊಂಡಿದ್ದೆ. ನಮ್ಮ ಗುಂಪಿನಲ್ಲಿ ನನ್ನದೇ ಉದ್ದದ ಪಟ್ಟಿ. ಆ ಜಂಬದಲ್ಲಿ ಹೋಗಿ ಮೊದಲನೇ ಸಾಲಿನಲ್ಲಿ ನಿಂತೆ.

ಎಡವಟ್ಟಾಗಿದ್ದು ಅಲ್ಲೇ. ಅಭ್ಯಾಸ ಇತ್ತು, ಶೂ ಪಳಗಿತ್ತು, ಹೊಟ್ಟೆಯೂ ನೆಟ್ಟಗಿತ್ತು. ನಿಂತ ಜಾಗ ತಪ್ಪು. ಆ ಸಾಲಿನವರು 20 ನಿಮಿಷದಲ್ಲಿ ಐದೂ ಮುಗಿಸೋರು, ಅಂದರೆ ಕಿಲೋಮೀಟರಿಗೆ 4 ನಿಮಿಷ. ನನಗೆ ಏಳೂವರೆ ಬೇಕು. ಹಳೇ ಉದ್ಯಾನದ ದಾರಿ ಅಡ್ಡಾಡೋಕೆ ಅಂತ ಮಾಡಿದ್ದು, ಮೂರು ಜನ ಒಟ್ಟಿಗೆ ಓಡಿದರೆ ಭುಜ ತಾಗುತ್ತೆ. ಹಿಂದೆ ನೂರಾರು ಜನ. ಸರಿದು ನಿಲ್ಲೋಣ ಅಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಹಾಸುಗಲ್ಲನ್ನೇ ಎಬ್ಬಿಸಿದ ಬೇರು. ಅವರ ಬೆನ್ನಟ್ಟಿ ಓಡಿದೆ. ಮೋಸ ಏನಂದರೆ, ಮೊದಮೊದಲು ಏನೂ ಅನ್ನಿಸಲ್ಲ. ವೇಗಕ್ಕೆ ತಕ್ಕಷ್ಟು ಆಮ್ಲಜನಕ ಒದಗಿಸೋಕೆ ದೇಹಕ್ಕೆ ಎರಡು ಮೂರು ನಿಮಿಷ ಬೇಕು, ಅಲ್ಲೀತನಕ ಸ್ನಾಯುಗಳದ್ದು ಸಾಲದ ಸಂಸಾರ. ಮೊದಲ ಕಿಲೋಮೀಟರ್ 5 ನಿಮಿಷ 10 ಸೆಕೆಂಡು. ವಾಚ್ ನೋಡಿ ನಕ್ಕೆ ಬೇರೆ!

ಎರಡನೆಯದು ಮುಗಿಯೋ ಹೊತ್ತಿಗೆ ಬಲ ಪಕ್ಕೆ ಹಿಡಿಯಿತು. ಮೂರು ದಾಟಿದ ಮೇಲೆ ಒಂದು ಕಲ್ಲಿನ ಸೇತುವೆ. ಅದರ ಕಟ್ಟೆಗೆ ಕೈ ಊರಿದಾಗ ಪಾಚಿ ತಣ್ಣಗೆ ಅಂಗೈಗೆ ಅಂಟಿದ್ದು ಇನ್ನೂ ನೆನಪಿದೆ. ವಾಂತಿ ಆಯ್ತು. "ಅಂಕಲ್, ನಡ್ಕೊಂಡೇ ಬನ್ನಿ, ಬೇಕಾದಷ್ಟು ಟೈಮಿದೆ" ಅಂದಳು ಅಲ್ಲಿದ್ದ ಸ್ವಯಂಸೇವಕಿ ಹುಡುಗಿ. ನಡೆಯೋದಾ? ನಾನಾ? ಎದೆ ಮೇಲಿನ ನಂಬರಿನ ಪಿನ್ ಬಿಚ್ಚಿ ಮನೆಗೆ ಹೋದೆ.

ಮಾರನೇ ದಿನ ದುಡ್ಡು ಕೇಳಿದರೆ ಮಾವ, "ಮೂರಕ್ಕೆ ತಾನೇ?" ಅಂತ ಮೂರರದ್ದೇ ಎಣಿಸಿ ಕೊಟ್ಟರು. ಉಳಿದವರೂ ಅಷ್ಟೇ. 23 ಜನರಿಂದ ಎರಡೆರಡು ಅಂದರೆ 46 ಕಿಲೋಮೀಟರ್, ಪೂರ್ತಿ ಮ್ಯಾರಥಾನಿಗಿಂತ ಜಾಸ್ತಿ, ಆಸ್ಪತ್ರೆಗೆ ಖೋತಾ. ಮಗುವಿನ ತಳ್ಳುಗಾಡಿ ತಳ್ಳುತ್ತಾ ಒಂದು ಗಂಟೆ ನಡೆದ ನಮ್ಮ ಆಫೀಸಿನ ಮೇಡಂ ಐದಕ್ಕೆ ಐದೂ ವಸೂಲಿ ಮಾಡಿದರು.

ನೀವು ವಾರಕ್ಕೆ ಮೂರು ದಿನ ಅರ್ಧ ಗಂಟೆ ಹೋಗಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಡುವಾಗ ಮಾತಾಡೋಕೆ ಆಗದಿದ್ದರೆ ವೇಗ ಜಾಸ್ತಿಯಾಯ್ತು ಅಂತ. ಆವತ್ತೂ ಹೀಗೇ ಮಾಡಿ. ತಳ್ಳುಗಾಡಿಗಳ ಪಕ್ಕ, ಕಟ್ಟಕಡೆಗೆ ನಿಂತುಕೊಳ್ಳಿ. ಸಮಯ ಅಳೆಯೋ ಚಿಪ್ ಕೊಟ್ಟು, ಶುರುವಿನ ಗೆರೆಯ ಮೇಲೆ ಅದನ್ನು ಗುರುತಿಸೋ ಮ್ಯಾಟ್ ಹಾಸಿದ್ದರೆ ನೀವು ದಾಟಿದ ಮೇಲೇ ನಿಮ್ಮ ಸಮಯ ಶುರುವಾಗೋದು.

ಇನ್ನೊಂದು, ಕಿಲೋಮೀಟರ್ ಲೆಕ್ಕದಲ್ಲಿ ದೇಣಿಗೆ ಬರೆಸಬೇಡಿ. ಒಟ್ಟು ಮೊತ್ತ ಬರೆಸಿ, ಅದೂ ಮುಂಗಡ.