ನಾಗರಿಕ ಸನ್ನದಿನ ಉತ್ತರ: ಯಾರು, ಎಷ್ಟು ದಿನ, ತಪ್ಪಿದರೆ ಏನು?

ಬೆಳಿಗ್ಗೆ ಗ್ರೂಪಿಗೆ ನೀವು ಹಾಕಿದ, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಜಿಎಸ್-2 (ಸಾಮಾನ್ಯ ಅಧ್ಯಯನ ಪತ್ರಿಕೆ 2) ಉತ್ತರ ಓದಿದೆ. ನಾಗರಿಕ ಸನ್ನದುಗಳು (ಯಾವ ಸೇವೆ ಎಷ್ಟು ದಿನದಲ್ಲಿ ಅಂತ ಇಲಾಖೆಗಳು ಕೊಡುವ ಲಿಖಿತ ಭರವಸೆ) ಅಂದುಕೊಂಡಷ್ಟು ಫಲ ಕೊಡದಿರಲು ಕಾರಣವೇನು, ಪರಿಹಾರವೇನು ಅಂತ ಪ್ರಶ್ನೆ, 15 ಅಂಕ. ನಿಮ್ಮ ಇಂಟ್ರೊದಲ್ಲಿ ಕೌಟಿಲ್ಯನ ಶ್ಲೋಕ, ಬಾಡಿಯಲ್ಲಿ ಅರಿವಿನ ಕೊರತೆ, ತರಬೇತಿಯ ಕೊರತೆ, ರಾಜಕೀಯ ಇಚ್ಛಾಶಕ್ತಿಯ ಕೊರತೆ, ಕೊನೆಗೆ ಸುಸ್ಥಿರ ಅಭಿವೃದ್ಧಿ ಗುರಿ 16. ನಾನೂ ಇದೇ ಅಚ್ಚಿನಲ್ಲಿ ಬರೆದು ಅಂಕ ಕಳೆದುಕೊಂಡವನು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ನಿಮ್ಮ ಮೂರು 'ಕೊರತೆ'ಗಳನ್ನು ಕಿತ್ತು ಪೊಲೀಸ್ ಸುಧಾರಣೆ ಪ್ರಶ್ನೆಗೆ ಅಂಟಿಸಿ ನೋಡಿ, ಒಂದಕ್ಷರ ಬದಲಿಸದೆ ಕೂರುತ್ತೆ. ಅಂಗನವಾಡಿ ಪ್ರಶ್ನೆಗೂ ಕೂರುತ್ತೆ. ಹಾಗೆ ಎಲ್ಲೆಲ್ಲೂ ಕೂರುವ ಸಾಲಿಗೆ ಮೌಲ್ಯಮಾಪಕರು ಯಾಕೆ ಅಂಕ ಕೊಡಬೇಕು?

ಆಡಳಿತದ ಯಾವುದೇ ವಿಷಯ ಬರಲಿ, ಪೆನ್ನು ಹಿಡಿಯುವ ಮೊದಲು ರಫ್ ಜಾಗದಲ್ಲಿ ಮೂರು ಪ್ರಶ್ನೆ ಹಾಕಿಕೊಳ್ಳಿ: ಕೆಲಸ ಯಾರದು, ಎಷ್ಟು ದಿನದಲ್ಲಿ, ತಪ್ಪಿದರೆ ಏನಾಗುತ್ತೆ. ಮೂರರಲ್ಲಿ ಯಾವುದಕ್ಕೆ ಕಾನೂನಿನಲ್ಲಿ ಉತ್ತರ ಇಲ್ಲವೋ, ವ್ಯವಸ್ಥೆ ಬಹುಪಾಲು ಅಲ್ಲೇ ಕೈ ಕೊಟ್ಟಿರುತ್ತೆ. ಅದೇ ನಿಮ್ಮ 'ಕಾರಣ'. ಅದನ್ನು ಸರಿಪಡಿಸುವ ದಾರಿಯೇ ವೇ ಫಾರ್ವರ್ಡ್, ಅಂದರೆ ಉತ್ತರದ ಕೊನೆಯ ಪರಿಹಾರದ ಭಾಗ. ಬೇರೆ ಹುಡುಕಬೇಕಾಗಿಲ್ಲ.

ಸನ್ನದಿಗೇ ಹಚ್ಚಿ ನೋಡೋಣ. ಬ್ರಿಟನ್ನಿನಲ್ಲಿ 1991, ನಮ್ಮಲ್ಲಿ 1997ರ ಮೇ ತಿಂಗಳ ಮುಖ್ಯಮಂತ್ರಿಗಳ ಸಮ್ಮೇಳನ. ಇತಿಹಾಸ ಇಷ್ಟು ಸಾಕು, ಅರ್ಧ ಸಾಲು. ಯಾರು ಅನ್ನೋದಕ್ಕೆ ಸನ್ನದಿನಲ್ಲಿ ಇಲಾಖೆಯ ಹೆಸರಿರುತ್ತೆ, ಹುದ್ದೆಯ ಹೆಸರು ಎಷ್ಟೋ ಕಡೆ ಇರಲ್ಲ. ದಿನ ಇರುತ್ತೆ, ಆದರೆ ಅದನ್ನು ಕೌಂಟರಿನಲ್ಲಿ ಕೂರುವವರನ್ನೂ ಕೇಳದೆ, ಸೇವೆ ಪಡೆಯುವವರನ್ನೂ ಕೇಳದೆ ಮೇಲಿನ ಕಚೇರಿಯಲ್ಲಿ ಬರೆದಿರುತ್ತಾರೆ. ತಪ್ಪಿದರೆ? ಸನ್ನದಿಗೆ ಶಾಸನದ ಬಲ ಇಲ್ಲ, ದಂಡ ಇಲ್ಲ, ಮೇಲ್ಮನವಿ ಇಲ್ಲ. ಹತ್ತು ಕೊರತೆ ಬರೆಯುವ ಬದಲು ಈ ಮೂರನೇದನ್ನು ಬಿಡಿಸಿ ಬರೆದಿದ್ದರೆ ಉತ್ತರ ನಿಲ್ಲುತ್ತಿತ್ತು. ಸರ್ಕಾರಿ ಸೇವೆ ಸುಧಾರಿಸಲು ಕೇಂದ್ರ ರೂಪಿಸಿದ ಸೇವೋತ್ತಮ್ ಮಾದರಿಯ ಮೂರು ಭಾಗ (ಸನ್ನದು, ಕುಂದುಕೊರತೆ ನಿವಾರಣೆ, ಸೇವೆ ನೀಡುವ ಸಾಮರ್ಥ್ಯ) ನಿಮ್ಮ ಪಟ್ಟಿಯಲ್ಲಿ ಒಣ ಹೆಸರಾಗಿ ಬಿದ್ದಿದೆ. ಅದನ್ನು 'ತಪ್ಪಿದರೆ ಏನು' ಅನ್ನುವ ಜಾಗದಲ್ಲಿಟ್ಟು ನೋಡಿ, ಆಗ ಕೆಲಸಕ್ಕೆ ಬರುತ್ತೆ.

ಈಗ ಸಕಾಲ, ಅಂದರೆ ಸರ್ಕಾರಿ ಸೇವೆಗೆ ಗಡುವು ಹಾಕುವ ನಮ್ಮ ರಾಜ್ಯದ ಕಾಯ್ದೆ. ನೀವು "ಸಕಾಲದಂತಹ ಉತ್ತಮ ಉಪಕ್ರಮಗಳು" ಅಂತ ಮೂರು ಪದದಲ್ಲಿ ಮುಗಿಸಿಬಿಟ್ಟಿದ್ದೀರಿ. ಕರ್ನಾಟಕದ ಅಭ್ಯರ್ಥಿ ಇದನ್ನು ಬಿಟ್ಟರೆ ಇನ್ನು ಯಾರು ಬರೀಬೇಕು? ಸೇವಾ ಖಾತರಿ ಕಾಯ್ದೆಗಳ ಸಾಲಿನಲ್ಲಿ ಮಧ್ಯಪ್ರದೇಶ 2010ರಲ್ಲಿ ಮೊದಲು, ನಮ್ಮದು 2011ರ ಅಧಿನಿಯಮ, ಜಾರಿ 2012ರ ಏಪ್ರಿಲ್. ಅರ್ಜಿ ಕೊಟ್ಟರೆ ಸ್ವೀಕೃತಿಯಾಗಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ. ಪ್ರತಿ ಸೇವೆಗೂ ಹೊಣೆ ಹೊತ್ತ ಅಧಿಕಾರಿಯ ಹುದ್ದೆ, ದಿನ ಎರಡೂ ಗೊತ್ತುಪಡಿಸಿರುತ್ತೆ. ತಡವಾದರೆ ದಿನಕ್ಕೆ ₹20, ಗರಿಷ್ಠ ₹500 ಪರಿಹಾರ ಅರ್ಜಿದಾರರಿಗೆ. ಅದು ತಪ್ಪು ಮಾಡಿದ ನೌಕರರಿಂದಲೇ ವಸೂಲಿ. ಮೊದಲ ಮೇಲ್ಮನವಿ ಸಕ್ಷಮ ಅಧಿಕಾರಿಗೆ, ಎರಡನೇದು ಮೇಲ್ಮನವಿ ಪ್ರಾಧಿಕಾರಕ್ಕೆ. ಮೂರು ಪ್ರಶ್ನೆಗೂ ಕಾಗದದ ಮೇಲೆ ಉತ್ತರ ಇದೆ.

ಹಾಗಾದರೆ ಎಲ್ಲಿ ಸೋರುತ್ತೆ? ಗಡಿಯಾರ ಓಡಲು ಶುರುವಾಗೋದು ಜಿಎಸ್‌ಸಿ ಸಂಖ್ಯೆ ಹುಟ್ಟಿದ ಮೇಲೆ. "ಒಂದು ದಾಖಲೆ ಕಮ್ಮಿ ಇದೆ, ನಾಳೆ ಬನ್ನಿ" ಅಂತ ಅರ್ಜಿಯನ್ನೇ ಒಳಗೆ ತಗೊಳ್ಳದಿದ್ದರೆ ಲೆಕ್ಕದಲ್ಲಿ ವಿಳಂಬವೇ ಇಲ್ಲ. ಎರಡನೇ ಸೋರಿಕೆ, ಕೊನೇ ದಿನ ಏನೋ ಒಂದು ಕಾರಣ ಬರೆದು ತಿರಸ್ಕರಿಸೋದು. ಅವಧಿಯೊಳಗೆ ವಿಲೇವಾರಿ ಅಂತ ಅಂಕಿಅಂಶದಲ್ಲಿ ಅದೂ ಸೇರುತ್ತೆ. ಮೂರನೇದು, ₹20ರ ಪರಿಹಾರ ಪಡೆಯಲು ಮೇಲ್ಮನವಿ ಹಾಕಬೇಕು, ಅದಕ್ಕೆ ಒಂದು ದಿನದ ಕೂಲಿ ಬಿಟ್ಟು ಯಾರು ಓಡಾಡ್ತಾರೆ? ಹಾಗಾಗಿ ವೇ ಫಾರ್ವರ್ಡ್ ತಾನಾಗೇ ಸಿಗುತ್ತೆ: ಅರ್ಜಿ ಮುಟ್ಟಿದ ಕೂಡಲೇ ಸ್ವೀಕೃತಿ ಕಡ್ಡಾಯ, ತಿರಸ್ಕಾರಗಳಿಗೆ ಪ್ರತ್ಯೇಕ ತಪಾಸಣೆ, ಗಡುವು ಮೀರಿದರೆ ಮೇಲ್ಮನವಿ ಇಲ್ಲದೆಯೇ ಪರಿಹಾರ ಖಾತೆಗೆ ಜಮೆ. "ಅರಿವು ಮೂಡಿಸಬೇಕು" ಅನ್ನೋದು ಬರೆಯಲೇಬೇಕು ಅನಿಸಿದರೆ ಕೊನೆಗೆ ಬರೆಯಿರಿ.

ಇದರ ಪಕ್ಕದಲ್ಲಿ ಮಾಹಿತಿ ಹಕ್ಕು ಕಾಯ್ದೆ, ಅಂದರೆ ಆರ್‌ಟಿಐ ಇಟ್ಟರೆ ಹೋಲಿಕೆ ಚೆನ್ನಾಗಿ ಕೂರುತ್ತೆ. 30 ದಿನ, ಜೀವ-ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಉತ್ತರ ಬರದಿದ್ದರೆ ಕಲಂ 7(2)ರ ಪ್ರಕಾರ ಆ ಮೌನವೇ ನಿರಾಕರಣೆ, ಮೇಲ್ಮನವಿಯ ಬಾಗಿಲು ತಾನಾಗೇ ತೆರೆಯುತ್ತೆ. ಸಕಾಲದ ಕೌಂಟರಿನಲ್ಲಿ ಇಲ್ಲದ ಜಾಣತನ ಇದು. ದಂಡ ಕಲಂ 20ರಲ್ಲಿ, ದಿನಕ್ಕೆ ₹250, ಗರಿಷ್ಠ ₹25,000, ಅಧಿಕಾರಿಯ ಜೇಬಿನಿಂದ. ಈ ದಂಡ ಅರ್ಜಿದಾರರಿಗೆ ಸಿಗಲ್ಲ. ನಷ್ಟ ಪರಿಹಾರ ಬೇರೆ, ಅದು 19(8)(ಬಿ). ಇವೆರಡನ್ನೂ ಬೆರೆಸಿ ಬರೆಯುವವರೇ ಹೆಚ್ಚು, ನೀವೂ ಬೆರೆಸಿದ್ದೀರಿ. ಮೊದಲ ಮೇಲ್ಮನವಿ ತೀರ್ಮಾನಕ್ಕೆ 30 ದಿನ, ಕಾರಣ ಬರೆದಿಟ್ಟು 45ರವರೆಗೆ. ಎರಡನೇ ಮೇಲ್ಮನವಿ ಸಲ್ಲಿಸಲು ನಾಗರಿಕನಿಗೆ 90 ದಿನದ ಗಡುವು. ಅದನ್ನು ತೀರ್ಮಾನಿಸಲು ಮಾಹಿತಿ ಆಯೋಗಕ್ಕೆ? ಕಾಯ್ದೆಯಲ್ಲಿ ಗಡುವೇ ಇಲ್ಲ. ಆಯುಕ್ತರ ಹುದ್ದೆ ಖಾಲಿ ಬಿದ್ದರೆ ಕಡತ ಗುಡ್ಡೆಯಾಗೋದು ಅಲ್ಲೇ. ಆರ್‌ಟಿಐ ದುರ್ಬಲವಾಗಿದೆ ಅಂತ ಪುಟ ತುಂಬಿಸುವ ಬದಲು ಈ ಬಿರುಕು ತೋರಿಸಿ. ಆಮೇಲೆ 2019ರ ತಿದ್ದುಪಡಿ (ಆಯುಕ್ತರ ಅವಧಿ, ವೇತನ ಕೇಂದ್ರ ನಿಗದಿ ಮಾಡುವಂತೆ ಆದದ್ದು), 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 44(3), ಅದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಗೆ, ಅಂದರೆ ವೈಯಕ್ತಿಕ ಮಾಹಿತಿಯ ವಿನಾಯಿತಿಗೆ, ತಂದ ಬದಲಾವಣೆ ಸೇರಿಸಿ.

ಕೇಂದ್ರದ ಮಟ್ಟದಲ್ಲಿ ಇಂಥದ್ದೇ ಕಾಲಮಿತಿ ಸೇವೆ ಮತ್ತು ಕುಂದುಕೊರತೆ ನಿವಾರಣೆಯ ಮಸೂದೆ 2011ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದು, 2014ರಲ್ಲಿ ಸದನದ ಜೊತೆಗೇ ರದ್ದಾಯಿತು. ನೀವು ಅದನ್ನು ಕಾಯ್ದೆ ಅಂತ ಬರೆದಿದ್ದೀರಿ. ದಯವಿಟ್ಟು ಇಂಥ ತಪ್ಪು ಮಾಡಬೇಡಿ, ಇಡೀ ಉತ್ತರದ ಮೇಲಿನ ನಂಬಿಕೆ ಹೋಗುತ್ತೆ. ಈಗ ಇರುವ ಸಿಪಿಗ್ರಾಮ್ಸ್ (ಕೇಂದ್ರದ ಆನ್‌ಲೈನ್ ದೂರು ವ್ಯವಸ್ಥೆ) ಆಡಳಿತಾತ್ಮಕ ವ್ಯವಸ್ಥೆ ಅಷ್ಟೇ, ಶಾಸನದ ದಂಡ ಅದಕ್ಕಿಲ್ಲ. ಎದುರಿಗೆ ಬಿಹಾರದ 2015ರ ಕುಂದುಕೊರತೆ ನಿವಾರಣಾ ಹಕ್ಕು ಕಾಯ್ದೆ ಇಡಿ: 60 ದಿನದ ಗಡುವು, ದೂರುದಾರರನ್ನೂ ಅಧಿಕಾರಿಯನ್ನೂ ಎದುರೆದುರು ಕೂರಿಸಿ ವಿಚಾರಣೆ.

ನಿಮ್ಮ ಬಾಡಿಯ ಮೊದಲ ಪ್ಯಾರಾ ಹೀಗಿರಬಹುದಿತ್ತು:

"ಸನ್ನದು ಅವಧಿಯನ್ನು ಘೋಷಿಸುತ್ತದೆ, ಹೊಣೆಯನ್ನು ಹೊರಿಸುವುದಿಲ್ಲ. ಇಲಾಖೆಯೇ ದಿನ ನಿಗದಿ ಮಾಡಿ ಇಲಾಖೆಯೇ ತಪ್ಪಿದಾಗ ನಾಗರಿಕನಿಗೆ ಶಾಸನಬದ್ಧ ಮೇಲ್ಮನವಿ ಇಲ್ಲ. ಕರ್ನಾಟಕದ ಸಕಾಲ (2011) ವಿಳಂಬಕ್ಕೆ ದಿನಕ್ಕೆ ₹20, ಗರಿಷ್ಠ ₹500 ಪರಿಹಾರ ನೀಡಿ ಈ ಅಂತರ ತುಂಬಿತು; ಆದರೆ ಗಡಿಯಾರ ಸ್ವೀಕೃತಿ ಸಂಖ್ಯೆಯಿಂದ ಶುರುವಾಗುವುದರಿಂದ ಅರ್ಜಿ ದಾಖಲಿಸದೆ ಹಿಂದೆ ಕಳಿಸುವ ದಾರಿ ಉಳಿಯಿತು."

ಹೆಚ್ಚೂಕಡಿಮೆ ನಲವತ್ತು ಪದ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ ಇಂಗ್ಲಿಷಿನ 250 ಪದದ ಸರಕು ನಮ್ಮಲ್ಲಿ 200ರೊಳಗೆ ಮುಗಿಯುತ್ತೆ. ಪದ ಎಣಿಸಿ 250ಕ್ಕೆ ಎಳೆಯಲು ಹೋಗಬೇಡಿ, ಎಳೆದಾಗಲೇ ಕೌಟಿಲ್ಯ ಬರೋದು.

ಒಂದು ಎಚ್ಚರಿಕೆ. ಎಲ್ಲ ಪ್ರಶ್ನೆಗೂ ಈ ಮೂರನ್ನೇ ಶೀರ್ಷಿಕೆ ಮಾಡಿ ಬರೆಯಬೇಡಿ. ಅದು ರಫ್ ಜಾಗದ ಕೆಲಸ. 'ವಿಮರ್ಶಾತ್ಮಕವಾಗಿ ಪರಿಶೀಲಿಸಿ' ಅಂದರೆ ಕೆಲಸ ಮಾಡಿದ ಭಾಗವೂ ಬರಬೇಕು. ಮೌಲ್ಯಗಳ ಪ್ರಶ್ನೆ, ಅಂತರರಾಷ್ಟ್ರೀಯ ಸಂಬಂಧಗಳ ಪ್ರಶ್ನೆಗೆ ಇದು ಹೊಂದಲ್ಲ. ಜೊತೆಗೆ, ದಂಡ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತೆ ಅನ್ನುವ ಕಡೆಗೂ ವಾಲಬೇಡಿ. ಸಿಬ್ಬಂದಿ ಇಲ್ಲದ ಕಚೇರಿಯಲ್ಲಿ ದಂಡ ಹೆಚ್ಚಾದರೆ ತಿರಸ್ಕಾರಗಳು ಹೆಚ್ಚುತ್ತವೆ, ಅಷ್ಟೇ. ಆ ಒಂದು ಸಾಲು ಬರೆದರೆ ಸಮತೋಲನ ಅಂತ ಬೇರೆ ಪ್ಯಾರಾ ಬೇಕಿಲ್ಲ.

ಪಂಚಾಯತಿ ಪ್ರಶ್ನೆಗಂತೂ ಈ ಮೂರು ಪ್ರಶ್ನೆ ಚೆನ್ನಾಗಿ ಹೊಂದುತ್ತೆ. ಹೋದ ವಾರ ಇಲ್ಲೇ ಯಾರೋ ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬಗ್ಗೆ ವಿಧಿಗಳ ಪಟ್ಟಿ ಹಾಕಿದ್ದರು, ಅವರಿಗೂ ಸೇರಿಸಿ ಹೇಳ್ತಿದ್ದೀನಿ. ಸಂವಿಧಾನದ 243ಜಿ ವಿಧಿ ಓದಿ: ಅಧಿಕಾರ ಕೊಡುವ ವಿಷಯದಲ್ಲಿ ರಾಜ್ಯ ಶಾಸಕಾಂಗ 'ಕೊಡಬಹುದು' ಅಂತಿದೆ. 29 ವಿಷಯಗಳ 11ನೇ ಅನುಸೂಚಿ ಅದೇ 'ಬಹುದು'ಗೆ ನೇತಾಡ್ತಿದೆ. 243ಇ ಹಾಗಲ್ಲ: ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು. ಯಾರು? 243ಕೆ, ರಾಜ್ಯ ಚುನಾವಣಾ ಆಯೋಗ. ಎಷ್ಟು ದಿನ? ಸ್ಪಷ್ಟ. ತಪ್ಪಿದರೆ? ಸಂವಿಧಾನ ಸುಮ್ಮನಿದೆ. ಮುಂದೂಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಹೇಳಿತು, ಹಿಂದುಳಿದ ವರ್ಗಗಳ ಮೀಸಲಾತಿಯ ತ್ರಿವಿಧ ಪರೀಕ್ಷೆ (ಮೀಸಲಾತಿ ಕೊಡುವ ಮೊದಲು ಪೂರೈಸಬೇಕಾದ ಮೂರು ಷರತ್ತು) ಮುಗಿದಿಲ್ಲ ಅಂತ ಕಾಯುವಂತಿಲ್ಲ ಅಂತ 2022ರ ಸುರೇಶ್ ಮಹಾಜನ್ ಪ್ರಕರಣದಲ್ಲಿ ಹೇಳಿತು. ಇಷ್ಟಾದರೂ ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಯಾಕೆ ಅಂದರೆ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಕ್ಷೇತ್ರ ಮತ್ತು ಮೀಸಲಾತಿ ಪಟ್ಟಿ ಬರದೆ ಚುನಾವಣಾ ಆಯೋಗ ದಿನಾಂಕ ಪ್ರಕಟಿಸಿ ಏನು ಮಾಡುತ್ತೆ? 'ರಾಜಕೀಯ ಇಚ್ಛಾಶಕ್ತಿಯ ಕೊರತೆ' ಅಂತ ನೀವು ಬರೆದದ್ದು ಇದನ್ನೇ, ಆದರೆ ಹೀಗೆ ಬಿಡಿಸಿ ಬರೆದರೆ ಮಾತ್ರ ಗೊತ್ತಿದ್ದು ಬರೆದಿದ್ದಾರೆ ಅನಿಸುತ್ತೆ. ಬರೆಯುವ ಮುನ್ನ ಇವತ್ತಿನ ಸ್ಥಿತಿ ನೋಡಿಕೊಳ್ಳಿ.

ಹಣದ ವಿಷಯದಲ್ಲೂ ಅಷ್ಟೇ. 15ನೇ ಹಣಕಾಸು ಆಯೋಗ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿ, ಶೇ. 40ನ್ನು ಮುಕ್ತವಾಗಿ ಬಿಟ್ಟಿತ್ತು. ಅದರ ಅವಧಿ 2021ರಿಂದ 26. ಹಳೇ ನೋಟ್ಸಿನಿಂದ ಎತ್ತಿ 'ಪ್ರಸ್ತುತ' ಅಂತ ಹಾಕಬೇಡಿ, 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ.

ಪಾರಿಭಾಷಿಕ ಪದದ ಬಗ್ಗೆ ಎರಡು ಮಾತು. ಅಧಿಕಾರ ವಿಕೇಂದ್ರೀಕರಣ, ಹಸ್ತಾಂತರ (ಡೆವಲ್ಯೂಷನ್), ಪ್ರತ್ಯಾಯೋಜನೆ (ಡೆಲಿಗೇಷನ್) ಮೂರನ್ನೂ ಒಂದೇ ಪ್ಯಾರಾದಲ್ಲಿ ಒಂದರ ಬದಲು ಒಂದು ಬಳಸಿದ್ದೀರಿ. ಪ್ರತ್ಯಾಯೋಜನೆಯಾದರೆ ಕೊಟ್ಟವರು ಯಾವಾಗ ಬೇಕಾದರೂ ವಾಪಸು ತಗೋಬಹುದು, ಹಸ್ತಾಂತರ ಹಾಗಲ್ಲ. ನೀತಿ ಆಯೋಗವನ್ನು ಸಾಂವಿಧಾನಿಕ ಸಂಸ್ಥೆ ಅಂದಿದ್ದೀರಿ. ಅದು 2015ರ ಸಂಪುಟ ನಿರ್ಣಯದಿಂದ ಹುಟ್ಟಿದ್ದು. ಮಾನವ ಹಕ್ಕುಗಳ ಆಯೋಗ ಶಾಸನಬದ್ಧ, ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗ 102ನೇ ತಿದ್ದುಪಡಿಯ ಮೇಲೆ (338ಬಿ) ಸಾಂವಿಧಾನಿಕ. ಕೋಚಿಂಗ್ ಪಿಡಿಎಫ್‌ಗಳ ಕನ್ನಡ ಅನುವಾದ ನಂಬಿ ಕೂತರೆ ಇಂಥದ್ದೇ ಆಗೋದು. ಕಾಯ್ದೆಯ ಮೂಲ ಪಠ್ಯ ಇಂಡಿಯಾ ಕೋಡ್‌ನಲ್ಲಿ ಪುಕ್ಕಟೆ ಇದೆ, ಮಸೂದೆ ಯಾವ ಹಂತದಲ್ಲಿದೆ ಅಂತ ನೋಡಲು ಪಿಆರ್‌ಎಸ್. ನನ್ನ ಲೆಕ್ಕದಲ್ಲಿ ಇವೆರಡು ಹತ್ತು ಮಾಸಪತ್ರಿಕೆಗೆ ಸಮ.

ಸಮಯ: ಹತ್ತು ಅಂಕದ ಹತ್ತು ಪ್ರಶ್ನೆಗೆ ತಲಾ 7 ನಿಮಿಷ, ಹದಿನೈದು ಅಂಕದ ಹತ್ತಕ್ಕೆ ತಲಾ 11. ಸರಿಯಾಗಿ 180 ನಿಮಿಷ, ಉಸಿರಾಡಲೂ ಉಳಿಯಲ್ಲ. ಹಾಗಾಗಿ ರಫ್ ಕೆಲಸ ಒಂದು ನಿಮಿಷ ಮೀರದಂತೆ ಈಗಿಂದಲೇ ರೂಢಿ ಮಾಡಿ. ನಿಮ್ಮ ಫೋಟೋದಲ್ಲಿ ಹಿಂದಿನ ಪುಟದ ಅಕ್ಷರ ಈಚೆಗೆ ಕಾಣ್ತಿದೆ, ಪೈಲಟ್ ವಿ5 ಇಂಕ್ ಪೆನ್ನು ಇರಬೇಕು. ಬರೆಯೋಕೆ ಚೆಂದ, ಆದರೆ ತೆಳು ಹಾಳೆಗೆ ಬೇಡ. ಮೂರು ಗಂಟೆ ಎಳೆಯೋಕೆ ಹಗುರ ಬಾಲ್ ಪೆನ್ನೇ ವಾಸಿ.

ಸಕಾಲ ಮತ್ತು ಆರ್‌ಟಿಐ ಭಾಗ ಸೇರಿ ಎಂಟು ಸಾಲಿಗೆ ಇಳಿಸಿ, ಶ್ಲೋಕ ತೆಗೆದು ಇವತ್ತು ರಾತ್ರಿಯೇ ಮತ್ತೆ ಹಾಕಿ. ನೋಡ್ತೀನಿ.