ಹಳೇ ಮುನ್ಸಿಪಲ್ ಗಾಲ್ಫ್ ಕೋರ್ಸ್ ಚಿಕ್ಕದು, ಸುಲಭ ಅಂದವರು ಯಾರು?

ಹೋಗಿ, ಖಂಡಿತ ಆಡಿ. ಆದರೆ 'ಹಳೇ ಮುನ್ಸಿಪಲ್ ಕೋರ್ಸು, ಉದ್ದ ಕಡಿಮೆ, ಗ್ರೀನ್ (ಕುಳಿ, ಬಾವುಟ ಇರುವ ನುಣುಪು ಹುಲ್ಲಿನ ಜಾಗ) ಅಷ್ಟಕ್ಕಷ್ಟೇ, ಅಲ್ಲಿ ಸುಲಭವಾಗಿ 100 ಹೊಡೆತದ ಒಳಗೆ ಮುಗಿಸಬಹುದು ಅಲ್ವಾ, ಇಲ್ಲಾ ಇನ್ನಷ್ಟು ದಿನ ರೇಂಜ್‌ನಲ್ಲಿ (ಅಭ್ಯಾಸದ ಮೈದಾನದಲ್ಲಿ) ಕಲಿತು ಒಳ್ಳೇ ಕ್ಲಬ್‌ಗೇ ಹೋಗಲಾ' ಅಂತ ಕೇಳಿದ್ದೀರಲ್ಲ, ಆ 'ಸುಲಭ' ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಹೋದವನು.

ನಾನು ಆಡಿದ ಕೋರ್ಸ್‌ನ ಸ್ಕೋರ್‌ಕಾರ್ಡ್ ಪ್ರಕಾರ ಒಟ್ಟು ಉದ್ದ 5,800 ಯಾರ್ಡ್, ಪಾರ್ (ನುರಿತವರು ಮುಗಿಸಬೇಕಾದ ಹೊಡೆತ) 70. ಟಿವಿಯಲ್ಲಿ ತೋರಿಸುವ ಕೋರ್ಸ್‌ಗಳು 7,000 ದಾಟಿರುತ್ತವೆ. ಹಾಗಾಗಿ ಇದು ಮಕ್ಕಳಾಟ ಅಂದುಕೊಂಡೆ. ಯಾರ್ಡ್ ಪಕ್ಕದಲ್ಲೇ ಸ್ಲೋಪ್ ಅಂತ ಇನ್ನೊಂದು ಸಂಖ್ಯೆ ಇತ್ತು. ನುರಿತವರಿಗೆ ಹೋಲಿಸಿದರೆ ನಮ್ಮಂಥವರಿಗೆ ಆ ಕೋರ್ಸ್ ಎಷ್ಟು ಜಾಸ್ತಿ ಕಷ್ಟ ಅಂತ ಹೇಳುವ ಸಂಖ್ಯೆ ಅದು. 55ರಿಂದ 155ರವರೆಗೆ ಇರುತ್ತದೆ, 113 ಅಂದರೆ ಸಾಧಾರಣ. ಅಲ್ಲಿ ಅದಕ್ಕಿಂತ ಸಾಕಷ್ಟು ಮೇಲಿತ್ತು. ನಾನು ಅದನ್ನು ಓದಲೇ ಇಲ್ಲ.

ಕೈಯಲ್ಲಿ ದೂರ ಅಳೆಯುವ ಹೊಸ ಲೇಸರ್ ರೇಂಜ್‌ಫೈಂಡರ್ ಬೇರೆ. ಯಾವ ಐರನ್ (ಲೋಹದ ತಲೆಯ ಕೋಲು) ಎಷ್ಟು ದೂರ ಹಾರುತ್ತದೆ ಅಂತ ರೇಂಜ್‌ನಲ್ಲಿ ಅಳೆದು ಬರೆದಿಟ್ಟುಕೊಂಡಿದ್ದೆ. ಒಬ್ಬನೇ ಹೋಗಿದ್ದರಿಂದ ಸರದಿ ನೋಡಿಕೊಳ್ಳುವ ಸ್ಟಾರ್ಟರ್ ನನ್ನನ್ನು ವಯಸ್ಸಾದ ದಂಪತಿಯ ಜೊತೆ ಸೇರಿಸಿದರು. ನಿಯಮದ ಪ್ರಕಾರ 14 ಕ್ಲಬ್ (ಹೊಡೆಯುವ ಕೋಲು) ಇಟ್ಟುಕೊಳ್ಳಬಹುದು. ನಾನು ಹದಿನಾಲ್ಕನ್ನೂ ಹೊತ್ತಿದ್ದೆ, ಅವರ ಬ್ಯಾಗ್‌ಗಳಲ್ಲಿ ಅರ್ಧ ಸೆಟ್ಟೂ ಇರಲಿಲ್ಲ.

ಮೊದಲ ಹೋಲ್‌ನಲ್ಲೇ ಬಾವುಟಕ್ಕೆ ಲೇಸರ್ ಹಿಡಿದೆ. 138 ತೋರಿಸಿತು. 8 ಐರನ್ ತೆಗೆದು ಹೊಡೆದೆ. ಹೊಡೆತ ಅಂದರೆ ಹೊಡೆತ! ಚೆಂಡು ಬಾವುಟದ ಪಕ್ಕದಲ್ಲೇ ಬಿತ್ತು, ಒಂದು ಸಲ ಪುಟಿಯಿತು, ಗ್ರೀನ್ ಹಿಂದೆ ಮಾಯವಾಯಿತು. 'ಹಿಂದೆ ಹೋಯ್ತು' ಅಂದರು ಆ ಅಜ್ಜಿ. ಮುಂದಿನ ಹೋಲ್‌ನಲ್ಲೂ ಹಿಂದೆ ಹೋಯ್ತು. ಅದರ ಮುಂದಿನದರಲ್ಲೂ. ಒಂಬತ್ತು ಮುಗಿಯುವ ಹೊತ್ತಿಗೆ ಅವರು ಮಾತಾಡುವುದನ್ನೇ ಬಿಟ್ಟಿದ್ದರು, ಸುಮ್ನೆ ಹಿಂದಕ್ಕೆ ಕೈ ತೋರಿಸುತ್ತಿದ್ದರು.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನ್ನ ರೌಂಡ್ ಹಾಳಾಗಿದ್ದು ಇದೊಂದರಿಂದಲೇ. ಲೇಸರ್ ಹೇಳುವುದು ಬಾವುಟ ಎಷ್ಟು ದೂರ ಇದೆ ಅಂತ. ಚೆಂಡು ಎಲ್ಲಿ ಬೀಳಬೇಕು ಅಂತ ಅದು ಹೇಳುವುದಿಲ್ಲ. ನಾನು ಎರಡೂ ಒಂದೇ ಅಂದುಕೊಂಡೆ. ರೇಂಜ್‌ನಲ್ಲಿ ಚೆಂಡು ಎಲ್ಲಿ ಬಿತ್ತು ಅಂತಷ್ಟೇ ನೋಡುತ್ತೇವೆ, ಬಿದ್ದ ಮೇಲೆ ಎಷ್ಟು ಓಡಿತು ಅಂತ ಯಾರು ನೋಡುತ್ತಾರೆ?

ಹಳೇ ಕೋರ್ಸ್‌ನಲ್ಲಿ ಆಟವೆಲ್ಲ ಆ ಓಟದಲ್ಲೇ ಇದೆ. ಜಲ್ಲಿ, ಮರಳಿನ ಪದರ ಹಾಕಿ ಗ್ರೀನ್ ಕಟ್ಟುವ ವಿಧಾನವನ್ನು ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಪ್ರಕಟಿಸಿದ್ದು 1960ರಲ್ಲಿ. ಅದಕ್ಕೂ ಮುಂಚಿನ ಗ್ರೀನ್‌ಗಳು ಹೆಚ್ಚಾಗಿ ಅಲ್ಲಲ್ಲೇ ಸಿಕ್ಕ ಮಣ್ಣನ್ನು ತಳ್ಳಿ ಗುಡ್ಡೆ ಮಾಡಿದಂಥವು. ಪುಷ್-ಅಪ್ ಗ್ರೀನ್ ಅಂತಲೇ ಕರೆಯುತ್ತಾರೆ. ನೀರು ಹರಿದುಹೋಗಲಿ, ದೂರದಿಂದ ಆಡುವವನಿಗೆ ಗ್ರೀನ್ ಕಾಣಲಿ ಅಂತ ಸಾಮಾನ್ಯವಾಗಿ ಹಿಂಬದಿ ಎತ್ತರ, ಮುಂಬದಿ ತಗ್ಗು. ಗುಡ್ಡೆ ಅಂದ ಮೇಲೆ ಹಿಂಬದಿಯ ಅಂಚು ದಾಟಿದರೆ ಇಳಿಜಾರು. ಚೆಂಡು ಅಲ್ಲಿಗೆ ಬಿತ್ತು ಅಂದರೆ ನೀವು ಕೆಳಗಿನಿಂದ ಮೇಲಕ್ಕೆ ಎತ್ತಬೇಕು, ಅದು ಮೇಲೆ ಬಿದ್ದ ತಕ್ಷಣ ಮುಂದಿನ ತಗ್ಗಿಗೆ ಓಡುತ್ತದೆ. ಮೆತ್ತಗೆ ಹೊಡೆದರೆ ವಾಪಸ್ ಕಾಲಬುಡಕ್ಕೇ ಬರುತ್ತದೆ. ಜೋರಾಗಿ ಹೊಡೆದರೆ ಗ್ರೀನ್ ದಾಟಿ ಮುಂದೆ.

ಇನ್ನೂ ಒಂದಿದೆ. ವರ್ಷಾನುಗಟ್ಟಲೆ ಹುಲ್ಲು ಕತ್ತರಿಸುವ ಯಂತ್ರ ಮೂಲೆಗಳನ್ನು ಬಿಟ್ಟು ದುಂಡಗೆ ತಿರುಗುತ್ತಾ ಗ್ರೀನ್ ಕುಗ್ಗುತ್ತಾ ಬರುತ್ತದೆ. ಬಂಕರ್ (ಮರಳಿನ ಗುಂಡಿ) ಗ್ರೀನ್‌ನಿಂದ ಹತ್ತು ಹೆಜ್ಜೆ ದೂರದಲ್ಲಿ ಅನಾಥವಾಗಿ ನಿಂತಿದ್ದರೆ, ಒಂದು ಕಾಲಕ್ಕೆ ಗ್ರೀನ್ ಅಲ್ಲಿವರೆಗೂ ಇತ್ತು ಅಂತ ಊಹಿಸಬಹುದು. ಅಂದರೆ ನಿಮ್ಮ ಗುರಿ ಕಟ್ಟಿದವರು ಕೊಟ್ಟದ್ದಕ್ಕಿಂತ ಚಿಕ್ಕದು.

ಆದರೆ ಅದೇ ಕಾಲದವರು ಮುಂಬದಿಯನ್ನು ಹೆಚ್ಚಾಗಿ ತೆರೆದೇ ಇಟ್ಟರು. ಆಗ ಫೇರ್‌ವೇಗೆ (ಗ್ರೀನ್‌ವರೆಗಿನ ಹುಲ್ಲುಹಾದಿಗೆ) ಈಗಿನಷ್ಟು ನೀರು ಹಾಯಿಸುತ್ತಿರಲಿಲ್ಲ, ನೆಲ ಗಟ್ಟಿ, ಚೆಂಡನ್ನು ಉರುಳಿಸಿಕೊಂಡೇ ಗ್ರೀನ್‌ಗೆ ತರಬೇಕಿತ್ತು. ನನ್ನ ಜೊತೆಯ ದಂಪತಿ ಮಾಡುತ್ತಿದ್ದದ್ದು ಅಷ್ಟೇ. ಗ್ರೀನ್‌ಗೆ ಇಪ್ಪತ್ತು ಯಾರ್ಡ್ ಮೊದಲೇ ಬೀಳಿಸುವುದು, ಉಳಿದದ್ದನ್ನು ನೆಲಕ್ಕೆ ಬಿಡುವುದು. ನೋಡಲು ಏನೇನೂ ಚೆಂದವಿಲ್ಲ. ಮನಸ್ಸಲ್ಲೇ ನಕ್ಕೆ ಕೂಡ. ಸ್ಕೋರ್ ಬರೆಯುವಾಗ ಮಾತ್ರ ಅವರದ್ದು 4, 5. ನನ್ನದು 6, 7.

ಹದಿನೆಂಟು ಹೋಲ್‌ಗಳಲ್ಲಿ ಹದಿನೇಳು ಮುಗಿದಾಗ ನನ್ನದು 93. ಕೊನೆಯ ಪಾರ್ 4ರಲ್ಲಿ 6 ಹೊಡೆದರೂ 99! ಮೊದಲ ಹೊಡೆತ, ಅಂದರೆ ಡ್ರೈವ್, ನೇರ ಹೋಯಿತು. ಬಾವುಟ ಗ್ರೀನ್‌ನ ಹಿಂಬದಿಯಲ್ಲಿತ್ತು. ಲೇಸರ್ 150 ಅಂದಿತು, 7 ಐರನ್ ತೆಗೆದೆ. ಹಿಂದೆ ಹೋಯ್ತು. ಮೂರನೆಯದು ಮೆತ್ತಗಾಗಿ ಕಾಲಬುಡಕ್ಕೆ ವಾಪಸ್. ನಾಲ್ಕನೆಯದು ಗ್ರೀನ್ ದಾಟಿ ಮುಂಬದಿಯ ತಗ್ಗಿಗೆ. ಐದಕ್ಕೆ ಗ್ರೀನ್, ಆಮೇಲೆ ಮೂರು ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ). 101. ಕಡಿಮೆ ದೂರ ಹೋಗುವ 9 ಐರನ್‌ನಲ್ಲಿ ಗ್ರೀನ್‌ಗೆ ಮೊದಲೇ ಬೀಳಿಸಿ, ಸಣ್ಣದಾಗಿ ಎತ್ತಿ ಚಿಪ್ ಮಾಡಿ, ಮೂರು ಪಟ್ ಮಾಡಿದ್ದರೂ 99 ಆಗುತ್ತಿತ್ತು. ಈ ಲೆಕ್ಕವನ್ನು ಆವತ್ತು ರಾತ್ರಿ ಎಷ್ಟು ಸಲ ಹಾಕಿದೆ ಅಂತ ಕೇಳಬೇಡಿ.

ಹಾಗಾಗಿ ಬಾವುಟ ಮರೆತುಬಿಡಿ. ಗ್ರೀನ್‌ನ ಮುಂದಿನ ಅಂಚಿಗೆ ಎಷ್ಟು ದೂರ ನೋಡಿ, ಅಷ್ಟಕ್ಕೇ ಕ್ಲಬ್ ತೆಗೆಯಿರಿ. ಒಂದೇ ಎಚ್ಚರಿಕೆ: ನೀರು ಮುಂದಕ್ಕೇ ಇಳಿಯುವುದರಿಂದ ಮಳೆ ಬಂದ ಮರುದಿನ ಮುಂಬದಿ ಮೆತ್ತಗಿರುತ್ತದೆ, ಚೆಂಡು ಬಿದ್ದಲ್ಲೇ ಕೂರುತ್ತದೆ. ಅಂಥ ದಿನ ಒಂದು ಹಂತ ಹೆಚ್ಚು ದೂರ ಹೋಗುವ ಕ್ಲಬ್ ತೆಗೆಯಿರಿ.

'ರೇಂಜ್‌ನಲ್ಲಿ ಕಲಿತು ಒಳ್ಳೇ ಕ್ಲಬ್‌ಗೇ ಹೋಗಲಾ' ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ. ಮುನ್ಸಿಪಲ್ ಅಂದರೆ ಕಳಪೆ ಅಂತ ಯಾರು ಹೇಳಿದರು? ಅಮೆರಿಕದ ಮೊದಲ ಸಾರ್ವಜನಿಕ ಕೋರ್ಸ್, ನ್ಯೂಯಾರ್ಕ್‌ನ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕ್, 1895ರದ್ದು, ಈಗಲೂ ಜನ ಆಡುತ್ತಾರೆ. 2008 ಮತ್ತು 2021ರ ಯುಎಸ್ ಓಪನ್ ನಡೆದ ಟೋರಿ ಪೈನ್ಸ್, ಸ್ಯಾನ್ ಡಿಯೇಗೊ ನಗರದ ಸ್ವಂತ ಕೋರ್ಸ್. ರೇಂಜ್‌ನ ಮ್ಯಾಟ್ ಮೇಲೆ ಇನ್ನಷ್ಟು ದಿನ ಹೊಡೆದರೂ ನಿಮಗೆ ನಿಮ್ಮ ತಪ್ಪು ಕಾಣುವುದಿಲ್ಲ. ಚೆಂಡಿನ ಹಿಂದೆ ನೆಲಕ್ಕೆ ಬಡಿದರೂ ಮ್ಯಾಟ್ ಮೇಲೆ ಕ್ಲಬ್ ಜಾರಿಕೊಂಡು ಹೋಗುತ್ತದೆ. ಗಟ್ಟಿ ನೆಲದಲ್ಲಿ ಮೊದಲ ಹೊಡೆತಕ್ಕೇ ಮಣಿಕಟ್ಟು ಜುಂ ಅನ್ನುತ್ತದೆ, ಗೊತ್ತಾಗುತ್ತದೆ.

ಗ್ರೀನ್ ಒರಟು ಅಂತ ದೂರುವವರ ಮಾತು ಸುಳ್ಳಲ್ಲ. ಪೋವಾ ಜಾತಿಯ ಹುಲ್ಲಿದ್ದರೆ ಮಧ್ಯಾಹ್ನದ ಹೊತ್ತಿಗೆ ಉಬ್ಬುತಗ್ಗಾಗಿ ಚೆಂಡು ಕುಣಿಯುತ್ತದೆ. ಬೆಳಗ್ಗೆಯೇ ಹೋಗಿ, ಚಿಕ್ಕ ಪಟ್‌ಗಳನ್ನು ಸ್ವಲ್ಪ ಧೈರ್ಯವಾಗಿ ಹೊಡೆಯಿರಿ. ಎಲ್ಲರಿಗೂ ಅದೇ ಗ್ರೀನ್ ತಾನೇ.

ನಿಧಾನ ಆಡಿದರೆ ಬೈಯುತ್ತಾರಾ ಅಂತ ಕೇಳಿದ್ದೀರಿ. ಕೆಟ್ಟದಾಗಿ ಆಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನಿಧಾನ ಆಡಿದರೆ ಮಾತ್ರ ಆಟದ ವೇಗ ನೋಡಿಕೊಳ್ಳುವ ಮಾರ್ಷಲ್ ಬಂದು ನಿಲ್ಲುತ್ತಾರೆ. ತಯಾರಾದವರು ಮೊದಲು ಹೊಡೆಯುವುದು ಅಂತ ಟೀ (ಹೋಲ್ ಶುರುವಾಗುವ ಜಾಗ) ಮೇಲೇ ಮಾತಾಡಿಕೊಳ್ಳಿ. ಚೆಂಡು ಹುಡುಕಲು 2019ರಿಂದ ನಿಯಮ ಕೊಡುವುದು ಮೂರೇ ನಿಮಿಷ, ಮೊದಲು ಐದಿತ್ತು. ಕಳೆದುಹೋಗಬಹುದು ಅನ್ನಿಸಿದರೆ ಹುಡುಕಲು ಹೊರಡುವ ಮೊದಲೇ ಪ್ರೊವಿಷನಲ್, ಅಂದರೆ ತಾತ್ಕಾಲಿಕವಾಗಿ ಇನ್ನೊಂದು ಚೆಂಡು, ಹೊಡೆಯಿರಿ. ಪಾರ್‌ನ ಎರಡು ಪಟ್ಟು ಮುಟ್ಟಿದರೆ ಚೆಂಡು ಎತ್ತಿಕೊಂಡು ಮುಂದಿನ ಟೀಗೆ ನಡೆಯಿರಿ. ನಿಮ್ಮ ಚೆಂಡು ಯಾರ ಕಡೆಗಾದರೂ ಹೋದರೆ ನಾಚಿಕೆ ಬಿಟ್ಟು 'ಫೋರ್' (ಹುಷಾರ್) ಅಂತ ಕೂಗಿ.

ಇನ್ನು ದುಬಾರಿ ಚೆಂಡು ಬೇಡವೇ ಬೇಡ. ಹಳೇ ಕೋರ್ಸ್‌ನಲ್ಲಿ ಮರಗಳು ದೊಡ್ಡವು, ಫೇರ್‌ವೇಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ನಿಮ್ಮದು ಪಕ್ಕದ ಹೋಲ್‌ಗೆ ಹೋಗುತ್ತದೆ, ಅವರದ್ದು ನಿಮ್ಮ ಕಡೆ ಬರುತ್ತದೆ. ಅಗ್ಗದ ಚೆಂಡು ಹತ್ತಾರು ಇಟ್ಟುಕೊಳ್ಳಿ, ಎಲ್ಲದರ ಮೇಲೂ ಪೆನ್ನಿನಲ್ಲಿ ನಿಮ್ಮ ಗುರುತು ಹಾಕಿ. ಬೇರೆಯವರ ಚೆಂಡನ್ನು ಹೊಡೆದರೆ ಎರಡು ಹೊಡೆತ ದಂಡ.